ನಮ್ಮೂರಿಗೆ 15 ಮೀಟರ್ ಸಾಲದು

ಶಿರಸಿಯಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ ಇದೆ. ಮಿಕ್ಸಿ, ಇನ್ವರ್ಟರ್, ಬೇಲಿಗೆ ಕರೆಂಟು ಕೊಡುವ ಪೆಟ್ಟಿಗೆ ಬರುತ್ತವೆ, ಈಚೆಗೆ ಡ್ರೋನ್ ಕೂಡ. ಮುರಿದ ಡ್ರೋನ್ ಮೇಜಿನ ಮೇಲೆ ಕೂತಾಗ ತಂದವರು ಹೇಳುವ ಕತೆ ಒಂದು, ಮುರಿದ ಜಾಗ ಹೇಳುವ ಕತೆ ಇನ್ನೊಂದು. "ಚೆನ್ನಾಗೇ ಹಾರ್ತಿತ್ತು, ಒಮ್ಮೆಲೇ ಬಿತ್ತು ಮಾರಾಯಾ" ಅನ್ನುತ್ತಾರೆ. ನೋಡಿದರೆ ಒಂದೇ ಬದಿಯ ಎರಡು ಪ್ರೊಪೆಲ್ಲರ್‌ಗಳ ತುದಿ ಹರಿದಿರುತ್ತದೆ. ಅದೇ ಬದಿಯ ಕಾಲು ಮುರಿದಿರುತ್ತದೆ. ಮಿಕ್ಕ ಮೈಗೆ ಒಂದು ಗೀರೂ ಇರುವುದಿಲ್ಲ. ನೂರಡಿ ಮೇಲಿಂದ ಬಿದ್ದದ್ದು ಹೀಗಿರುತ್ತದಾ? ಇಳಿಯುವಾಗ ಪಕ್ಕಕ್ಕೆ ಜಾರಿ ಮಗುಚಿದ್ದು ಅದು. ನಾನು ಏನೂ ಹೇಳುವುದಿಲ್ಲ. ಬಿಲ್ಲು ಬರೆಯುತ್ತೇನೆ.

ಅಂಗಡಿಗೆ ಬರುವವುಗಳಲ್ಲಿ ಹೆಚ್ಚಿನವು ನೆಲದಿಂದ ನಾಲ್ಕಡಿ ಒಳಗೇ ಹಾಳಾದವು. ಮೇಲೆ ಹೋದ ಮೇಲೆ ಈಗಿನ ಡ್ರೋನ್ ತನ್ನಷ್ಟಕ್ಕೆ ನಿಂತುಕೊಳ್ಳುತ್ತದೆ. ಏಳಿಸುವುದರಲ್ಲಿ, ಇಳಿಸುವುದರಲ್ಲಿ ಮಾತ್ರ ಇನ್ನೂ ಮನುಷ್ಯನಿಗೆ ಕೆಲಸ ಇದೆ. ನಮ್ಮ ಜಿಲ್ಲೆಯಲ್ಲಂತೂ ಆ ಕೆಲಸ ಜಾಸ್ತಿ. ಡ್ರೋನಿನೊಳಗೆ ಮೊದಲೇ ತುಂಬಿಸಿಟ್ಟ ಲೆಕ್ಕಗಳು ಸಪಾಟು ಮೈದಾನಕ್ಕೆ ಸರಿ. ನಮ್ಮಲ್ಲಿ ಸಪಾಟು ಎಲ್ಲಿದೆ ಹೇಳಿ? ಘಟ್ಟದ ಮೇಲೆ ಬೆಟ್ಟ, ಕಣಿವೆ, ಅಡಿಕೆ ತೋಟ. ಕೆಳಗೆ ತೆಂಗು, ಮರಳು, ಗಾಳಿ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ. ಹವ್ಯಾಸಕ್ಕೆ ಹಾರಿಸುವ ಮೈಕ್ರೋಗೆ ಪೈಲಟ್ ಸರ್ಟಿಫಿಕೇಟು ಬೇಡ. ಅದೇ ಮೈಕ್ರೋ ಇಟ್ಟುಕೊಂಡು ದುಡ್ಡಿಗೆ ಮದುವೆ ಶೂಟಿಂಗ್ ಮಾಡಿದರೆ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ಇದ್ದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಿಸಬಹುದು. ಕೆಂಪಿದ್ದರೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಬ್ಯಾಟರಿ ಹಾಕುವ ಮಾತೇ ಇಲ್ಲ. ಕಾರವಾರದವರು ಇದನ್ನು ಎರಡು ಸಲ ಓದಿ. ಈಚೆ ಅರ್ಗಾದಲ್ಲಿ ಕದಂಬ ನೌಕಾನೆಲೆ, ಆಚೆ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ. ಕಾರವಾರ ಬೀಚಿನ ಸೂರ್ಯಾಸ್ತ ಎಷ್ಟೇ ಚೆಂದವಿರಲಿ, ಮೊಬೈಲಿನಲ್ಲಿ ತೆಗೆದುಕೊಳ್ಳಿ ಸಾಕು. ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಇದೇ ಮಾತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ "ತೇರನ್ನು ಮೇಲಿಂದ ತೆಗಿಯೋ" ಅನ್ನುವವರು ಇದ್ದೇ ಇರುತ್ತಾರೆ. ಜನರ ತಲೆಯ ಮೇಲೆ ನಾಲ್ಕು ಕತ್ತಿ ತಿರುಗಿಸುವ ಧೈರ್ಯ ನನಗಿಲ್ಲ.

ನಾನು ಹಾರಿಸುವುದು ಕೈಯಾರೆ ಜೋಡಿಸಿದ್ದು. 450 ಮಿ.ಮೀ. ಅಳತೆಯ ಫ್ರೇಮು, 4 ಸೆಲ್ಲಿನ ಲಿಪೋ ಬ್ಯಾಟರಿ, ಪಿಕ್ಸ್‌ಹಾಕ್ ಎಂಬ ನಿಯಂತ್ರಣ ಬೋರ್ಡು, ಅದರಲ್ಲಿ ಹಾರಾಟ ನಡೆಸುವ ತಂತ್ರಾಂಶ ಆರ್ಡುಪೈಲಟ್. ಅಂಗಡಿಯಿಂದ ತಂದ ಮಡಚುವ ಡ್ರೋನ್‌ಗಳಲ್ಲಿ ಗುಂಡಿಗಳ ಹೆಸರು ಬೇರೆ, ಒಳಗಿನ ವಿಚಾರ ಹೆಚ್ಚುಕಮ್ಮಿ ಇದೇ.

ಆರ್ಮ್ ಮಾಡುವುದು ಅಂದರೆ ಮೋಟಾರಿಗೆ ಜೀವ ಕೊಡುವುದು. ಅಲ್ಲಿಯವರೆಗೆ ಸ್ಟಿಕ್ ಎಷ್ಟು ಎಳೆದರೂ ಪ್ರೊಪೆಲ್ಲರ್ ತಿರುಗುವುದಿಲ್ಲ. ಆರ್ಮ್ ಆದ ಮೇಲೆ ಬೆರಳು ತಾಗಿದರೂ ತಿರುಗುತ್ತದೆ. ಜನ ಗಮನಿಸದ ಇನ್ನೊಂದು ಸಂಗತಿ ಅದೇ ಗಳಿಗೆಯಲ್ಲಿ ನಡೆಯುತ್ತದೆ. ಆರ್ಮ್ ಆದ ಜಾಗವನ್ನು ಡ್ರೋನು ತನ್ನ ಮನೆ ಎಂದು ಬರೆದಿಟ್ಟುಕೊಳ್ಳುತ್ತದೆ. ರಿಮೋಟಿನ ಸಂಪರ್ಕ ತಪ್ಪಿದರೆ ಆರ್‌ಟಿಎಲ್ (ಹೊರಟಲ್ಲಿಗೆ ಮರಳು) ಎಂಬ ಮೋಡ್‌ಗೆ ಹೋಗಿ ಅಲ್ಲಿಗೇ ವಾಪಸ್ ಬರುತ್ತದೆ. ಬರುವ ಮೊದಲು ನಿಗದಿ ಮಾಡಿದ ಎತ್ತರಕ್ಕೆ ಏರುತ್ತದೆ. ಆರ್ಡುಪೈಲಟ್‌ನಲ್ಲಿ ಮೊದಲೇ ಇಟ್ಟಿರುವ ಆ ಎತ್ತರ 15 ಮೀಟರ್.

ಹದಿನೈದು ಮೀಟರ್! ನಮ್ಮಜ್ಜ ನೆಟ್ಟ ಅಡಿಕೆ ಮರಗಳು ಅದನ್ನು ದಾಟಿ ಎಷ್ಟೋ ಕಾಲವಾಯಿತು. ಸಂಪರ್ಕ ತಪ್ಪಿದ ಡ್ರೋನು 15 ಮೀಟರ್‌ಗೆ ಏರಿ, "ಸರಿ, ಈಗ ಮನೆಗೆ" ಎಂದು ನೇರ ಸೋಗೆಯೊಳಗೆ ನುಗ್ಗುತ್ತದೆ. ಆಮೇಲೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡನನ್ನು ಕರೆಸಿ ಇಳಿಸಬೇಕು. ಕೊನೆ ಕೊಯ್ಲಿಗೇ ಅವರು ಸಿಗುವುದು ಕಷ್ಟ, ಡ್ರೋನ್ ಕೊಯ್ಲಿಗೆ ಯಾರು ಬರುತ್ತಾರೆ? ನಾನು 40 ಇಟ್ಟುಕೊಂಡಿದ್ದೇನೆ. ತೆಂಗು, ಅಡಿಕೆ ಎರಡನ್ನೂ ದಾಟಲು ಅಷ್ಟು ಬೇಕು. ಒಂದು ಮಾತು ನೆನಪಿರಲಿ. ಮನೆಯ ತೀರಾ ಹತ್ತಿರವಿದ್ದರೆ ಅದು ಪೂರ್ತಿ ಎತ್ತರಕ್ಕೆ ಏರುವುದಿಲ್ಲ, ದೂರಕ್ಕೆ ತಕ್ಕಷ್ಟೇ ಏರುತ್ತದೆ. ಮರದ ಬುಡದಲ್ಲಿ ಆಟವಾಡುವವರಿಗೆ 40 ಕೂಡ ಕಾಪಾಡುವುದಿಲ್ಲ.

ಇನ್ನು ಎತ್ತರ ಅಂದರೆ ಯಾವುದರಿಂದ ಎತ್ತರ? ಹಾರಿಸುವವರ ಎದುರಿನ ತೆರೆಯ (ಸ್ಕ್ರೀನಿನ) ಮೇಲೆ 40 ಎಂದು ಕಾಣುವುದು ಆರ್ಮ್ ಮಾಡಿದ ಜಾಗದಿಂದ 40. ಡ್ರೋನಿನ ಕೆಳಗಿರುವ ನೆಲದಿಂದ ಅಲ್ಲ. ತೋಟ ಕಣಿವೆಯಲ್ಲಿರುತ್ತದೆ. ಅಲ್ಲಿ ಆರ್ಮ್ ಮಾಡಿ ಎದುರಿನ ಸೊಪ್ಪಿನ ಬೆಟ್ಟದ ಕಡೆ ಹೋದರೆ ತೆರೆ 40 ಅನ್ನುತ್ತಲೇ ಇರುತ್ತದೆ, ಕೆಳಗಿನ ನೆಲ ಮಾತ್ರ ಮೇಲೆ ಬರುತ್ತಾ ಇರುತ್ತದೆ. ಬೆಟ್ಟದ ತುದಿಯಲ್ಲಿ ಮರದ ನೆತ್ತಿಗೂ ಡ್ರೋನಿಗೂ ನಡುವೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಬೆಟ್ಟದ ಕೆಲಸವಿದ್ದರೆ ನಾನು ಮೇಲಿನ ಬೇಣಕ್ಕೆ (ಹುಲ್ಲುಗಾವಲಿಗೆ) ನಡೆದು ಹೋಗಿ ಅಲ್ಲಿಂದಲೇ ಏಳಿಸುತ್ತೇನೆ. ಮೇಲಿಂದ ಕೆಳಗೆ ಹಾರಿಸಿದರೆ ವಾಪಸ್ ಬರುವ ದಾರಿ ಯಾವಾಗಲೂ ಬಯಲು.

ತೋಟದೊಳಗೇ ಆರ್ಮ್ ಮಾಡಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮರದಿಂದ ಮರಕ್ಕೆ ಸುಮಾರು ಒಂಬತ್ತಡಿ ಅಂತರ. ಮಾಮೂಲಿ ಜಿಪಿಎಸ್ ತಪ್ಪುವುದೂ ಹೆಚ್ಚುಕಮ್ಮಿ ಅಷ್ಟೇ. ಡ್ರೋನು ಮನೆಯ ಮೇಲೆ ಬಂದು ಐದು ಸೆಕೆಂಡು ನಿಂತು ಇಳಿಯಲು ಶುರು ಮಾಡುತ್ತದೆ. ಎರಡು ಮೀಟರ್ ಆಚೀಚೆ ಆದರೆ ಇಳಿಯುವುದು ಮರದ ಮೇಲೆ. ಜತೆಗೆ ಸೋಗೆಯ ಕೆಳಗೆ, ಎರಡೂ ಕಡೆ ದರೆ (ಮಣ್ಣಿನ ಗೋಡೆ) ಇರುವ ಜಾಗದಲ್ಲಿ ಉಪಗ್ರಹಗಳೂ ಸರಿಯಾಗಿ ಕಾಣುವುದಿಲ್ಲ. ತಲೆಯ ಮೇಲೆ ಪೂರ್ತಿ ಆಕಾಶ ಕಾಣುವ ಜಾಗ ಬೇಕು. ಕೊಯ್ದ ಗದ್ದೆ ಒಳ್ಳೆಯದು.

ಅಂಗಳ ಬೇಡವೇ ಬೇಡ. ಅಡಿಕೆ ಒಣಗಿಸುವ ಕಾಲದಲ್ಲಿ ಅಂಗಳದಲ್ಲಿ ಚಪ್ಪರ, ಬಲೆ, ಬಟ್ಟೆ ಹಗ್ಗ, ಬಾಳೆಕಂಬಕ್ಕೆ ಕಟ್ಟಿದ ತಂತಿ ಎಲ್ಲ ಇರುತ್ತದೆ. ಕ್ಯಾಮೆರಾಗೆ ಹಗ್ಗ ಕಾಣುವುದಿಲ್ಲ. ಡ್ರೋನಿನ ಗಾಳಿಗೆ ಸಿಪ್ಪೆಯ ದೂಳು ಎದ್ದರೆ ಮನೆಯವರ ಬೈಗುಳ ಬೇರೆ. ತಾರಸಿಯೂ ಬೇಡ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ದಿಕ್ಸೂಚಿ ತಲೆ ಕೆಡಿಸಿಕೊಳ್ಳುತ್ತದೆ. ಮೇಲೆ ಹೋದ ಮೇಲೆ ಡ್ರೋನು ನಿಂತಲ್ಲಿ ನಿಲ್ಲದೆ ಸುತ್ತು ಹೊಡೆಯುತ್ತಾ ದೊಡ್ಡ ದೊಡ್ಡ ವೃತ್ತ ಬರೆಯಲು ಶುರು ಮಾಡಿದರೆ ಅದು ದಿಕ್ಸೂಚಿಯ ಕಾಯಿಲೆ. ಆಗ ಜಿಪಿಎಸ್ ಬೇಡದ, ಎತ್ತರ ಮಾತ್ರ ಹಿಡಿದಿಡುವ ಆಲ್ಟ್‌ಹೋಲ್ಡ್ ಮೋಡ್‌ಗೆ ಹಾಕಿ, ಕೈಯಿಂದಲೇ ಇಳಿಸಬೇಕು. ಆರ್‌ಟಿಎಲ್ ಒತ್ತಿದರೆ ಇನ್ನೂ ಕೆಡುತ್ತದೆ, ಯಾಕೆಂದರೆ ಅದಕ್ಕೂ ಅದೇ ದಿಕ್ಸೂಚಿ ಬೇಕು.

ಈಗ ಏಳಿಸೋಣ. ನೆಲ ಇಳಿಜಾರಿದ್ದರೆ ಅಡಿಗೆ ಹಲಗೆ ಬೇಕು. ಓರೆಯಾಗಿ ಕೂತ ಡ್ರೋನಿಗೆ ತಾನು ಓರೆ ಇದ್ದೇನೆ ಅನ್ನುವುದು ಗೊತ್ತು. ಆರ್ಮ್ ಆದ ಕೂಡಲೇ ನೆಟ್ಟಗಾಗಲು ನೋಡುತ್ತದೆ. ಒಂದು ಕಾಲು ಎದ್ದು, ಇನ್ನೊಂದು ಕಾಲು ನೆಲಕ್ಕೆ ಸಿಕ್ಕಿ ಮಗುಚುತ್ತದೆ. ಮೂರಡಿ ಚೌಕದ ಪ್ಲೈವುಡ್ ಹಲಗೆ, ತಗ್ಗಿನ ಬದಿಗೆ ಎರಡು ಕಲ್ಲು, ಅಷ್ಟೇ ನನ್ನ ವಿಮಾನ ನಿಲ್ದಾಣ. ಟಾರ್ಪಲ್ ಹಾಸುವವರಿದ್ದಾರೆ. ಅದರ ಅಂಚು ಗಾಳಿಗೆ ಎದ್ದು ಪ್ರೊಪೆಲ್ಲರಿಗೆ ಸಿಕ್ಕಿದರೆ ಮುಗಿಯಿತು. ಸುತ್ತಲಿನ ದರಕು (ಒಣ ಎಲೆ) ಗುಡಿಸಿಬಿಡಿ.

ಬ್ಯಾಟರಿ ಹಾಕುವ ಮೊದಲು ರಿಮೋಟ್ ಆನ್, ಥ್ರಾಟಲ್ (ಏರಿಸಿ ಇಳಿಸುವ ಎಡ ಸ್ಟಿಕ್) ಪೂರ್ತಿ ಕೆಳಗೆ. ಪ್ರೊಪೆಲ್ಲರ್ ಒಂದೊಂದನ್ನೇ ಬೆರಳಲ್ಲಿ ಅಲುಗಾಡಿಸಿ ನೋಡಿ. ತುದಿಯಲ್ಲಿ ಉಗುರಿಗೆ ತಾಗುವಷ್ಟು ಬಿರುಕಿದ್ದರೂ ಎಸೆಯಿರಿ. ನಾಲ್ಕರಲ್ಲಿ ಎರಡು ಬಲಕ್ಕೆ ತಿರುಗುವವು, ಎರಡು ಎಡಕ್ಕೆ. ಅದಲುಬದಲಾದರೆ ಏಳುವ ಮೊದಲೇ ಉಲ್ಟಾ. ಹೊಸದಾಗಿ ಜೋಡಿಸುವವರ ಮೊದಲ ಅಪಘಾತ ಬಹುತೇಕ ಇದೇ. ಮೇಜಿನ ಮೇಲೆ ಏನೇ ಪರೀಕ್ಷೆ ಮಾಡುವುದಿದ್ದರೂ ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಬೇಕು. ಈ ಒಂದು ವಿಷಯದಲ್ಲಿ ನಾನು ಅಂಗಡಿಯಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.

ಬ್ಯಾಟರಿ ಚುಚ್ಚಿದ ಕೂಡಲೇ ಕೈ ತೆಗೆದು ಸುಮ್ನೆ ನಿಲ್ಲಿ. ಒಳಗಿನ, ತಿರುವು ಅಳೆಯುವ ಗೈರೋ ತನ್ನ ಲೆಕ್ಕ ಸರಿ ಮಾಡಿಕೊಳ್ಳುತ್ತಿರುತ್ತದೆ, ಅಲುಗಾಡಿಸಬಾರದು. ನಮ್ಮ ಬೋರ್ಡಿನ ದೀಪ ನೀಲಿ ಮಿನುಗಿದರೆ ಜಿಪಿಎಸ್ ಇನ್ನೂ ಸಿಕ್ಕಿಲ್ಲ. ಹಸಿರು ಮಿನುಗಿದರೆ ತಯಾರು. ಹಳದಿ ಮಿನುಗಿದರೆ ಏನೋ ತಕರಾರಿದೆ. ಏನೆಂದು ತೆರೆಯಲ್ಲಿ ಬರೆದು ತೋರಿಸುತ್ತದೆ: ದಿಕ್ಸೂಚಿ ಹೊಂದುತ್ತಿಲ್ಲ, ಜಿಪಿಎಸ್ ನಿಖರವಿಲ್ಲ, ಬ್ಯಾಟರಿ ಕಡಿಮೆ, ಹೀಗೆ. ಇದು ಕಾಟ ಅನ್ನಿಸಿ ಈ ತಪಾಸಣೆಯನ್ನೇ ಆಫ್ ಮಾಡಿಟ್ಟುಕೊಂಡ ಡ್ರೋನ್‌ಗಳೂ ನನ್ನ ಮೇಜಿಗೆ ಬರುತ್ತವೆ. ಯಾಕೆ ಬಂದವು ಅಂತ ಕೇಳಬೇಕಾಗಿಲ್ಲ ಅಲ್ವಾ?

ಹಸಿರು ಬಂದರೂ ನಾನು ಇನ್ನೊಂದು ನಿಮಿಷ ಕಾಯುತ್ತೇನೆ. ಉಪಗ್ರಹಗಳ ಎಣಿಕೆ ಇನ್ನೂ ಏರುತ್ತಿರುತ್ತದೆ, ಮನೆಯ ಗುರುತು ಅಷ್ಟು ಚೊಕ್ಕವಾಗುತ್ತದೆ. ಆಮೇಲೆ ಸುರಕ್ಷತಾ ಗುಂಡಿ ಒತ್ತಿ ಹಿಡಿದು, ಅದರ ದೀಪ ಮಿನುಗುವುದು ನಿಂತ ಮೇಲೆ, ಏಳೆಂಟು ಹೆಜ್ಜೆ ಹಿಂದೆ ಬರುತ್ತೇನೆ. ಡ್ರೋನಿನ ಬಾಲ ನನ್ನ ಕಡೆ, ಮೂತಿ ಆಚೆ. ಹಾಗಿದ್ದರೆ ನನ್ನ ಎಡವೇ ಅದರ ಎಡ. ಗಾಳಿ ನನ್ನ ಬೆನ್ನಿಗೆ. ಜತೆಗೆ ಅಣ್ಣನ ಮಗ ಇರುತ್ತಾನೆ. ಅವನ ಕೆಲಸ ಆಕಾಶ ನೋಡುವುದಲ್ಲ, ನೆಲ ನೋಡುವುದು. ನಾಯಿ, ಕರು, ಪಕ್ಕದ ಮನೆಯ ಪುಟ್ಟಿ ಇವರೆಲ್ಲ ಎಲ್ಲಿದ್ದಾರೆ ಅಂತ. ಅವನು "ಖಾಲಿ" ಎಂದರೆ ನಾನು "ಆರ್ಮ್" ಎಂದು ಗಟ್ಟಿಯಾಗಿ ಕೂಗಿ, ಎಡ ಸ್ಟಿಕ್ಕನ್ನು ಕೆಳಗೆ ಬಲ ಮೂಲೆಗೆ ಒತ್ತಿ ಐದು ಸೆಕೆಂಡು ಹಿಡಿಯುತ್ತೇನೆ. ಉದ್ದ ಬೀಪ್ ಬಂದು, ನಾಲ್ಕೂ ಮೋಟಾರು ನಿಧಾನ ತಿರುಗುತ್ತವೆ. ಆಗ ಕಿವಿ ಕೊಡಬೇಕು. ಒಂದು ಮೋಟಾರು ಕರಕರ ಅಂದರೂ ಅವತ್ತಿನ ಹಾರಾಟ ಅಲ್ಲಿಗೇ ಮುಗಿಯಿತು.

ಏಳುವಾಗ ಅಂಜುತ್ತಾ ಏಳಬಾರದು. ನೆಲದ ಹತ್ತಿರ ತನ್ನದೇ ಗಾಳಿ ವಾಪಸ್ ಬಡಿದು ಡ್ರೋನು ಮೊಸರು ಕಡೆಯುವ ಹಾಗೆ ಆಚೀಚೆ ಆಡುತ್ತದೆ. ಅಲ್ಲಿ ನಿಧಾನಿಸಿದಷ್ಟೂ ಮಗುಚುವ ಅವಕಾಶ ಜಾಸ್ತಿ. ಒಂದೇ ಉಸಿರಿಗೆ ಆಳೆತ್ತರ ದಾಟಿಸಿ, ಅಲ್ಲಿ ಅರ್ಧ ನಿಮಿಷ ನಿಲ್ಲಿಸಿ. ಮುಂದೆ, ಹಿಂದೆ, ಎಡ, ಬಲ, ಒಂದು ಸುತ್ತು. ಎಲ್ಲಾ ಹೇಳಿದ ಮಾತು ಕೇಳಿದರೆ ಹೊರಡಿ.

ಕರಾವಳಿಯದು ಬೇರೆ ಸಂಸಾರ. ಹೆಂಡತಿಯ ತವರು ಕುಮಟಾ ಹತ್ತಿರ. ದೇವಿಮನೆ ಘಟ್ಟ ಇಳಿದು ಹೋದಾಗ ಡ್ರೋನೂ ಜತೆಗಿರುತ್ತದೆ. ಅಲ್ಲಿ ಮೊದಲು ನೋಡಬೇಕಾದ್ದು ಗಾಳಿಯ ದಿಕ್ಕು. ಹೊತ್ತೇರಿದ ಮೇಲೆ ಗಾಳಿ ಸಮುದ್ರದಿಂದ ನೆಲಕ್ಕೆ ಬೀಸುತ್ತದೆ. ಮಧ್ಯಾಹ್ನಕ್ಕೆ ಜೋರಾಗುತ್ತದೆ. ಆಗ ನೀರಿನ ಮೇಲೆ ಕಳಿಸಿದರೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಬ್ಯಾಟರಿ ಇಳಿದ ಹೊತ್ತಿಗೆ ಗಾಳಿಯೇ ತಳ್ಳಿಕೊಂಡು ಬರುತ್ತದೆ. ನಸುಕಿನಲ್ಲಿ ಇದು ಉಲ್ಟಾ. ಗಾಳಿ ನೆಲದಿಂದ ಸಮುದ್ರಕ್ಕೆ. ಬೆಳಗಿನ ಗಾಳಿ ಮೆಲ್ಲಗಿರುತ್ತದೆ, ಆದ್ದರಿಂದ ಎಲ್ಲರೂ ಬೆಳಗ್ಗೆಯೇ ಹಾರಿಸುತ್ತಾರೆ. ಡ್ರೋನು ಹಾಯಾಗಿ ನೀರಿನ ಮೇಲೆ ಹೋಗುತ್ತದೆ. ಇಷ್ಟು ದೂರ ಬಂದರೂ ಬ್ಯಾಟರಿ ಇಳಿದೇ ಇಲ್ಲವಲ್ಲ ಅನ್ನಿಸುತ್ತದೆ. ವಾಪಸ್ ಬರುವಾಗ ಲೆಕ್ಕ ಗೊತ್ತಾಗುತ್ತದೆ. ಬೆಳಗ್ಗೆ ಸಮುದ್ರದ ಕಡೆ ಹೋದರೆ ಮೂರನೇ ಒಂದು ಪಾಲು ಬ್ಯಾಟರಿ ಮುಗಿಯುವಷ್ಟರಲ್ಲಿ ನಾನು ತಿರುಗಿಸಿಬಿಡುತ್ತೇನೆ.

ದೋಣಿಯಿಂದ ಹಾರಿಸಬಹುದಾ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಆರ್ಮ್ ಮಾಡಿದ ಜಾಗ ಮನೆ ಅಂದೆನಲ್ಲ? ದೋಣಿ ಅಲ್ಲಿಂದ ಹೋಗಿರುತ್ತದೆ, ಮನೆ ಅಲ್ಲೇ ಇರುತ್ತದೆ. ಆರ್‌ಟಿಎಲ್ ಬಂದರೆ ಡ್ರೋನು ಶಿಸ್ತಾಗಿ ಹೋಗಿ ನೀರಿನ ಮೇಲೆ ಇಳಿಯುತ್ತದೆ.

ಇಳಿಸುವ ವಿಷಯಕ್ಕೆ ಬರೋಣ. ಮೊದಲ ಪ್ರಶ್ನೆ, ಯಾವಾಗ? 4 ಸೆಲ್ಲಿನ ಬ್ಯಾಟರಿ ತುಂಬಿದಾಗ 16.8 ವೋಲ್ಟ್. ಹಾರುತ್ತಾ ಅದು 14.8ಕ್ಕೆ, ಅಂದರೆ ಸೆಲ್ಲಿಗೆ 3.7ಕ್ಕೆ ಬಂದರೆ ನಾನು ಇಳಿಸುವ ತಯಾರಿ ಮಾಡುತ್ತೇನೆ. ಸೆಲ್ಲಿಗೆ 3.5 ಆಗುವ ಮೊದಲು ಕಾಲು ನೆಲದಲ್ಲಿರಬೇಕು. ಅದರ ಕೆಳಗೆ ಲಿಪೋ ಮೆಲ್ಲಗೆ ಇಳಿಯುವುದಿಲ್ಲ, ಕುಸಿಯುತ್ತದೆ. ಬ್ಯಾಟರಿ ಸಾಕಷ್ಟಿದ್ದರೆ ಮಾತ್ರ ಇಳಿಯುವಾಗ ಮನಸ್ಸು ಬದಲಿಸಿ ಮತ್ತೆ ಮೇಲೇಳಬಹುದು. ಹಲಗೆಯ ಮೇಲೆ ಕೋಳಿ ಬಂದು ಕೂತರೆ ಏನು ಮಾಡುತ್ತೀರಿ?

ಎತ್ತರದಿಂದ ನೆಟ್ಟಗೆ ರಭಸದಿಂದ ಇಳಿಸಬಾರದು. ಡ್ರೋನು ತಾನೇ ಕೆಳಗೆ ತಳ್ಳಿದ ಗಾಳಿಯೊಳಗೆ ಮುಳುಗುತ್ತದೆ, ಪ್ರೊಪೆಲ್ಲರಿಗೆ ಹಿಡಿತ ಸಿಗುವುದಿಲ್ಲ. ತೂರಾಡುತ್ತಾ ಇನ್ನೂ ಬೇಗ ಬೀಳುತ್ತದೆ. ಥ್ರಾಟಲ್ ಕೊಟ್ಟರೂ ಕೆಲಸ ಮಾಡುವುದಿಲ್ಲ. ಆಗ ಮುಂದಕ್ಕೋ ಪಕ್ಕಕ್ಕೋ ಸರಿಸಿ ಹೊಸ ಗಾಳಿಗೆ ತರಬೇಕು. ಮೊದಲಿಂದಲೇ ಸ್ವಲ್ಪ ಮುಂದೆ ಚಲಿಸುತ್ತಾ ಓರೆಯಾಗಿ ಇಳಿಸಿದರೆ ಈ ರಗಳೆಯೇ ಇಲ್ಲ. ಆರ್ಡುಪೈಲಟ್ ತಾನಾಗಿ ಇಳಿಸುವಾಗ ಕೊನೆಯ 10 ಮೀಟರನ್ನು ಸೆಕೆಂಡಿಗೆ ಅರ್ಧ ಮೀಟರಿನ ಹಾಗೆ ಇಳಿಸುತ್ತದೆ. ಕೈಯಲ್ಲಿ ಇಳಿಸುವಾಗಲೂ ಅದೇ ವೇಗ ಒಳ್ಳೆಯದು.

ಕೊನೆಯ ಎರಡು ಮೀಟರಿನಲ್ಲಿ ತೆರೆ ನೋಡುವುದು ನಿಲ್ಲಿಸಿ. ಎತ್ತರ ಹೇಳುವ ಬ್ಯಾರೋಮೀಟರು ಗಾಳಿಯ ಒತ್ತಡ ನೋಡಿ ಹೇಳುತ್ತದೆ. ಹೊತ್ತು ಹೋದ ಹಾಗೆ ಅದು ಜಾರುತ್ತದೆ. ನೆಲದ ಹತ್ತಿರ ಡ್ರೋನಿನ ಗಾಳಿಯೇ ಅದನ್ನು ಗಲಿಬಿಲಿ ಮಾಡುತ್ತದೆ. ಹಲಗೆಯ ಮೇಲೆ ಕೂತ ಡ್ರೋನು "ನೆಲದಿಂದ ಒಂದು ಮೀಟರ್ ಕೆಳಗಿದ್ದೇನೆ" ಎಂದು ತೋರಿಸುವುದು ಮಾಮೂಲು. ನೋಡಬೇಕಾದ್ದು ಡ್ರೋನನ್ನು, ಅದರಲ್ಲೂ ಅದು ಪಕ್ಕಕ್ಕೆ ಜಾರುತ್ತಿದೆಯಾ ಎನ್ನುವುದನ್ನು. ಮೊಣಕಾಲೆತ್ತರದಲ್ಲಿ ಒಮ್ಮೆ ನಿಲ್ಲಿಸಿ. ಜಾರುವುದು ಪೂರ್ತಿ ನಿಲ್ಲಲಿ. ಆಮೇಲೆ ಕೂರಿಸಿ. ಸುರುವಿನಲ್ಲಿ ಹೇಳಿದ ಒಂದೇ ಬದಿಯ ಮುರಿತಗಳೆಲ್ಲ ಈ ಒಂದು ಕ್ಷಣದ ತಾಳ್ಮೆ ಇಲ್ಲದ್ದಕ್ಕೆ ಆದವು. ಕೈಯಲ್ಲಿ ಹಿಡಿಯುವ ಶೋಕಿ ನನಗಿಷ್ಟವಿಲ್ಲ. ವಿಡಿಯೋದಲ್ಲಿ ಚೆಂದ ಕಾಣುತ್ತದೆ, ಬೆರಳಿಗೆ ಹೊಲಿಗೆ ಹಾಕಿಸಿಕೊಂಡು ಬಂದವರು ಚೆಂದ ಕಾಣುವುದಿಲ್ಲ.

ಕೂತ ಮೇಲೆ ಥ್ರಾಟಲ್ ಪೂರ್ತಿ ಕೆಳಗೆ, ಎಡ ಮೂಲೆಗೆ. ಮೋಟಾರು ನಿಂತ ಮೇಲೂ ಬೀಪ್ ಕೇಳುವವರೆಗೆ, ಬೋರ್ಡಿನ ದೀಪ ಮತ್ತೆ ಮಿನುಗುವವರೆಗೆ ಹತ್ತಿರ ಹೋಗುವುದಿಲ್ಲ. ನಾವು ಮರೆತರೂ 10 ಸೆಕೆಂಡಿಗೆ ತಾನೇ ಡಿಸ್ಆರ್ಮ್ (ಆರ್ಮ್ ರದ್ದು) ಆಗುವ ಹಾಗೆ ಇರುತ್ತದೆ. ಅದನ್ನು ನಂಬಿಕೊಂಡು ಓಡುವುದು ಬೇಡ. ಮಗುಚಿ ಬಿದ್ದಿದ್ದರಂತೂ ಮೊದಲು ಡಿಸ್ಆರ್ಮ್, ಆಮೇಲೆ ಹತ್ತಿರ ಹೋಗುವುದು. ಹುಲ್ಲಿಗೆ ಸಿಕ್ಕಿ ನಿಂತ ಪ್ರೊಪೆಲ್ಲರ್ ಬಿಡಿಸಿದ ಕೂಡಲೇ ತಿರುಗಬಹುದು. ಬ್ಯಾಟರಿ ಬಿಚ್ಚಿ, ಕೊನೆಗೆ ರಿಮೋಟ್ ಆಫ್.

ಬೀಚಿನಿಂದ ಬಂದ ದಿನ ಇನ್ನೊಂದು ಕೆಲಸ. ಮೋಟಾರಿನೊಳಗೆ ಅಯಸ್ಕಾಂತ ಇದೆ. ಮರಳಿನಲ್ಲಿರುವ ಕಪ್ಪು ಕಣಗಳು ಹೋಗಿ ಅದಕ್ಕೆ ಅಂಟುತ್ತವೆ. ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಊದಿದರೆ ಹೋಗುವುದಿಲ್ಲ, ಬಿಚ್ಚಿ ಟೇಪು ಒತ್ತಿ ತೆಗೆಯಬೇಕು. ಉಪ್ಪಿನ ಗಾಳಿ ತಾಗಿದ ಮೈಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸುತ್ತೇನೆ. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಸ್ಕ್ರೂಗಳೆಲ್ಲ ಕೆಂಪು.

ಮಳೆಗಾಲ ಅಂದಾಗ ನೆನಪಾಯಿತು. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಾರಿಸುವ ಮಾತಿಲ್ಲ. ಬ್ಯಾಟರಿಗಳನ್ನು ತುಂಬಿಸಿಯೂ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ. ಸೆಲ್ಲಿಗೆ 3.8 ವೋಲ್ಟಿನಲ್ಲಿ, ತಗಡಿನ ಪೆಟ್ಟಿಗೆಯಲ್ಲಿ ಇಡಿ. ಉಬ್ಬಿದ್ದನ್ನು ಅಡಿಕೆ ಅಟ್ಟದಲ್ಲಿ ಮಾತ್ರ ಇಡಬೇಡಿ, ಅಲ್ಲಿರುವುದೆಲ್ಲ ಹತ್ತಿ ಉರಿಯುವಂಥದ್ದೇ. ಅಂಗಡಿಗೆ ತಂದುಕೊಡಿ. ಡಿಸ್‌ಚಾರ್ಜ್ ಮಾಡಿ ಇ-ತ್ಯಾಜ್ಯ ಒಯ್ಯುವವರಿಗೆ ನಾನೇ ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.